ಅರಗಿನ ಮುದ್ರೆ ಬಿದ್ದ ಬೇಸಿಗೆ

ಮೊನ್ನೆ ಪುತ್ತೂರಿನ ಅಂಚೆ ಕಚೇರಿಯಲ್ಲಿ ಸರದಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಬಟ್ಟೆ ಹೊಲಿದ ಪಾರ್ಸೆಲ್ಲೊಂದನ್ನು ತಂದಿದ್ದರು. ಅದಕ್ಕೆ ಅರಗಿನ ಮುದ್ರೆ ಆಗಬೇಕಿತ್ತು. ಕೌಂಟರಿನ ಬದಿಯಲ್ಲಿ ಮೇಣದ ಬತ್ತಿ ಹಚ್ಚಿ, ಕೆಂಪು ಅರಗಿನ ಕಡ್ಡಿಯನ್ನು ಅದಕ್ಕೆ ಹಿಡಿದು, ತೊಟ್ಟು ತೊಟ್ಟಾಗಿ ಹೊಲಿಗೆಯ ಮೇಲೆ ಬೀಳಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅರವತ್ತು ದಾಟಿದವಳು ನಾನು. ಕೆಲಸದಲ್ಲಿದ್ದಷ್ಟು ಕಾಲ ಬ್ಯಾಂಕುಗಳ ಲೆಕ್ಕ ತಪಾಸಣೆ ಮಾಡಿ ದೊಡ್ಡ ದೊಡ್ಡ ಮ್ಯಾನೇಜರುಗಳ ಬೆವರಿಳಿಸಿದವಳು. ಆದರೂ ಸರದಿ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆಚೆ ಮನೆಯ ಪರಿಚಯದ ಹುಡುಗಿ ನೋಡಿ, "ಎಂತ ಆಂಟಿ, ತಲೆ ತಿರುಗಿತಾ?" ಎಂದು ಕೇಳಿದಳು. ಬೆಳ್ಳಾರೆಯ ಒಂದು ಬೇಸಿಗೆ ನೆನಪಾಯಿತು ಎಂದು ಅವಳಿಗೆ ಹೇಗೆ ಹೇಳಲಿ? ಸೆಕೆ ಮಾರಾಯ್ತಿ ಎಂದೆ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಪುತ್ತೂರಿನ ದರ್ಬೆಯಲ್ಲಿ ಸುಬ್ರಾಯ ಭಟ್ಟರೆಂಬ ಆಡಿಟರ ಕಚೇರಿಯಲ್ಲಿ ನಾನು ಕೆಲಸ ಕಲಿಯಲು ಸೇರಿದ್ದೆ. ಅಲ್ಲಿ ಇದ್ದ ಹುಡುಗಿ ನಾನೊಬ್ಬಳೇ. ನಮ್ಮ ಮನೆ ಸುಳ್ಯದಿಂದ ಒಳಗೆ. ಹುಡುಗಿಗೆ ಲೆಕ್ಕ ಎಂತಕ್ಕೆ ಎನ್ನುವುದು ಅಪ್ಪನ ಒಂದೇ ವಾದ. ಅವರು ಜೋರು ಮಾಡಿ ಬೈಯುವವರಲ್ಲ, ಮಾತು ನಿಲ್ಲಿಸುವವರು. ಅದು ಬೈಗುಳಕ್ಕಿಂತ ಕಷ್ಟ. ಒಂದು ಕಾಸು ಕೊಡುವುದಿಲ್ಲ ಎಂದವರು ಕೊಡಲೇ ಇಲ್ಲ. ಪುತ್ತೂರಿನ ನನ್ನ ಕೋಣೆಯ ಬಾಡಿಗೆ, ಊಟ, ಪರೀಕ್ಷೆಯ ಫೀಸು ಎಲ್ಲ ಅಮ್ಮನಿಂದ ಬರುತ್ತಿತ್ತು. ಎಲ್ಲಿಂದಮ್ಮ ಎಂದರೆ, "ಗೇರುಬೀಜ ಮಾರಿದ್ದು, ನೀನು ಓದು" ಎನ್ನುತ್ತಿದ್ದಳು. ನಮ್ಮ ಗುಡ್ಡದಲ್ಲಿ ಅಷ್ಟು ಗೇರುಮರ ಎಲ್ಲಿತ್ತು ಎಂದು ನಾನು ಯೋಚಿಸಲಿಲ್ಲ. ಓದುವ ಆಸೆಯ ಮುಂದೆ ಯಾವ ಹುಡುಗಿ ಮರ ಎಣಿಸುತ್ತಾಳೆ?

ಆ ಏಪ್ರಿಲಿನಲ್ಲಿ ಭಟ್ಟರಿಗೆ ಬೆಳ್ಳಾರೆಯಲ್ಲಿ ಎರಡು ಕೆಲಸ ಒಟ್ಟಿಗೆ ಬಂತು. ಒಂದು, ಪ್ರತಿ ವರ್ಷದ ಹಾಗೆ ಅಲ್ಲಿನ ಬ್ಯಾಂಕ್ ಶಾಖೆಯ ಲೆಕ್ಕ ನೋಡುವುದು. ಇನ್ನೊಂದು ಹೊಸತು. ಬ್ಯಾಂಕಿನ ಎದುರು, ಅಡಿಕೆ ಗೋದಾಮಿನ ಮಾಳಿಗೆಯ ಮೇಲೆ, ನಮ್ಮ ಕಡೆಯ ಮುಸಲ್ಮಾನರಾದ ಬ್ಯಾರಿಗಳು ಸೇರಿ ನಡೆಸುತ್ತಿದ್ದ ಬಡ್ಡಿಯಿಲ್ಲದ ನಿಧಿಯೊಂದಿತ್ತು. ಚಿನ್ನ ತಂದು ಅಡವಿಟ್ಟರೆ ಸಾಲ ಸಿಗುತ್ತಿತ್ತು, ಬಡ್ಡಿ ಇಲ್ಲ. ಬೀಡಿ ಕಟ್ಟುವ ಹೆಂಗಸರು, ಸಣ್ಣ ಅಂಗಡಿಯವರು ಉಳಿತಾಯ ತಂದು ಇಡುತ್ತಿದ್ದರು, ಅವರಿಗೂ ಬಡ್ಡಿ ಇಲ್ಲ. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಎನ್ನುವುದು ಅವರ ಧರ್ಮದ ಮಾತು. ಆದರೆ ಸಾಲ ಬೇಕಾದವರ ಜಾತಿಯನ್ನು ಯಾರೂ ಕೇಳುತ್ತಿರಲಿಲ್ಲ. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಆ ಊರಿನ ಕೆಲವರು ನಿಧಿಗೆ ದೊಡ್ಡ ಮೊತ್ತ ಹಾಕಲು ಮುಂದೆ ಬಂದಿದ್ದರು. ಅವರದ್ದು ಒಂದೇ ಷರತ್ತು: ಬ್ಯಾಂಕನ್ನು ಹೇಗೆ ನೋಡುತ್ತಾರೋ ಹಾಗೆಯೇ ಒಬ್ಬ ಆಡಿಟರಿಂದ ನಿಧಿಯ ಆರೋಗ್ಯ ನೋಡಿಸಿ ವರದಿ ಕಳಿಸಿ.

ಭಟ್ಟರಿಗೆ ಇದು ಬಹಳ ಹಿಡಿಸಿತು. ಒಂದು ದೊಡ್ಡ ಹಾಳೆಯಲ್ಲಿ ನನ್ನಿಂದ ಗೆರೆ ಎಳೆಸಿದರು. ಎಡಕ್ಕೆ ಬ್ಯಾಂಕು, ಬಲಕ್ಕೆ ನಿಧಿ. ನಡುವೆ ಒಂದೇ ಪ್ರಶ್ನೆಗಳು: ಆದಾಯ ಎಷ್ಟು, ವಾಯಿದೆ ದಾಟಿದ ಸಾಲ ಎಷ್ಟು, ಅಡವು ಭದ್ರವೇ, ಕೈಯಲ್ಲಿ ನಗದು ಎಷ್ಟು.

"ತೂಕದ ಕಲ್ಲು ಒಂದೇ ಇರ್ಬೇಕು ಲಲಿತಾ. ಅವರಿಗೊಂದು, ಇವರಿಗೊಂದು ಮಾಡಿದ್ರೆ ಅದು ಆಡಿಟ್ ಅಲ್ಲ" ಎಂದರು.

ಬ್ಯಾಂಕಿನ ಸಾಲು ಬೇಗ ತುಂಬಿತು. ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೊಟ್ಟರು, ಹನ್ನೊಂದಕ್ಕೊಮ್ಮೆ ಚಹಾ ಬಂತು. ನೋಡುತ್ತ ಹೋದ ಹಾಗೆ ನನಗೊಂದು ವಿಚಿತ್ರ ಕಂಡಿತು. ಮಾರ್ಚಿನ ಕೊನೆಗೆ ಹಳೆಯ ಸಾಲ ಪೂರಾ ತೀರಿದೆ. ಅದೇ ದಿನ ಅದೇ ಮನುಷ್ಯನಿಗೆ, ಬಾಕಿ ಬಡ್ಡಿಯನ್ನೂ ಸೇರಿಸಿ, ಹೊಸ ಸಾಲ ಹೋಗಿದೆ. ಒಬ್ಬನಲ್ಲ, ಸುಮಾರು ಜನ ಹೀಗೆ. ಕಾಗದದ ಮೇಲೆ ಎಲ್ಲರೂ ಪ್ರಾಮಾಣಿಕರು, ಆದಾಯವೂ ಚಂದ. ಹಣ ಮಾತ್ರ ಬಂದಿಲ್ಲ.

"ಇದು ರೋಗ ಅಲ್ವಾ ಸರ್?" ಎಂದು ಮೆಲ್ಲಗೆ ಕೇಳಿದೆ.

"ರೋಗವೇ. ಬರಿ, ಅದನ್ನೂ ಬರಿ. ಆದ್ರೆ ಹೆದರ್ಬೇಡ, ಇದು ಸಾಯುದಿಲ್ಲ. ಹಿಂದೆ ಸರ್ಕಾರ ಉಂಟಲ್ಲ."

ರಸ್ತೆ ದಾಟಿ ಮರದ ಏಣಿಮೆಟ್ಟಿಲು ಹತ್ತಿದರೆ ನಿಧಿ. ಮೋನಬ್ಬ ಹಾಜಿ ಎನ್ನುವವರು ಅದನ್ನು ನೋಡಿಕೊಳ್ಳುತ್ತಿದ್ದರು. ಹಿಂದೆ ಅಡಿಕೆ ವ್ಯಾಪಾರ ಮಾಡಿದವರು, ಬಿಳಿ ಗಡ್ಡ, ತೆಳ್ಳಗಿನ ಮೈ. ಆ ವರ್ಷ ರಂಜಾನ್ ಉಪವಾಸ ಬೇಸಿಗೆಯ ನಟ್ಟ ನಡುವೆ ಬಂದಿತ್ತು. ಹಗಲಿಡೀ ನೀರು ಕುಡಿಯದೆ, ಒಣಗಿದ ತುಟಿಯಲ್ಲೇ ಅವರು ನಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತಿದ್ದರು. ಆದಾಯ ಎಂದರೆ ಕೋಣೆಯ ಬಾಡಿಗೆಗೆ ಸಾಕಾಗುವಷ್ಟು, ಸಾಲ ತೆಗೆದುಕೊಂಡವರಿಂದ ಖರ್ಚಿಗೆಂದು ಹಿಡಿಯುವ ಸಣ್ಣ ಮೊತ್ತ. ಕಡಿಮೆ ಬಿದ್ದರೆ ವ್ಯಾಪಾರಿಗಳು ಕೈಯಿಂದ ಹಾಕುತ್ತಿದ್ದರು. ವಾಯಿದೆ ದಾಟಿದ ಸಾಲದ ಪ್ರಶ್ನೆಗೆ ಬಂದಾಗ ಭಟ್ಟರು ಸೋತರು.

"ಈ ಮನುಷ್ಯ ಯಾವಾಗ ಕೊಡುದು ಹಾಜಿಯವರೇ?"

"ಅವ ತೆಂಗಿನ ಮರದಿಂದ ಬಿದ್ದಿದ್ದಾನೆ ಭಟ್ರೇ. ಕೈ ಸರಿಯಾದ ಮೇಲೆ ಕೊಡ್ತಾನೆ."

"ತಾರೀಕು ಹೇಳಿ."

"ಕೈ ಸರಿಯಾದ ಮೇಲೆ."

ಭಟ್ಟರು ನನ್ನ ಮುಖ ನೋಡಿದರು. ನಾನು ಆ ಖಾನೆಯಲ್ಲಿ ಒಂದು ಗೀಟು ಎಳೆದೆ. ಹೀಗೆ ಬಲಗಡೆಯ ಸಾಲಿನಲ್ಲಿ ಗೀಟುಗಳೇ ಆದವು. ನಮ್ಮ ಕಲ್ಲಿನಲ್ಲಿ ತೂಗಿದರೆ ಈ ನಿಧಿ ಎಂದೋ ಸತ್ತಿರಬೇಕಿತ್ತು.

ಉಳಿದದ್ದು ಅಡವು. ಹಾಜಿಯವರು ಕಬ್ಬಿಣದ ಪೆಟ್ಟಿಗೆ ತೆರೆದಾಗ ಭಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಬ್ಯಾಂಕಿನಲ್ಲಾದರೆ ಅಡವಿನ ಚಿನ್ನವನ್ನು ಪತ್ತಾರರು ತೂಗಿ, ಚೀಲದಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ ಇಡುತ್ತಾರೆ. ಇಲ್ಲಿ ಪೆಟ್ಟಿಗೆ ತುಂಬ ಬಟ್ಟೆಯ ಸಣ್ಣ ಸಣ್ಣ ಗಂಟುಗಳು. ಸೀರೆಯ ಅಂಚು, ತಲೆವಸ್ತ್ರದ ತುಂಡು, ಮಗುವಿನ ಅಂಗಿಯ ತೋಳು. ಚಿನ್ನ ತಂದವರು ಹಾಜಿಯವರಿಗೆ ತೋರಿಸಿ, ತಮ್ಮದೇ ಬಟ್ಟೆಯಲ್ಲಿ ತಮ್ಮದೇ ಕೈಯಿಂದ ಗಂಟು ಕಟ್ಟಿ ಇಟ್ಟುಹೋಗುವುದು ಅಲ್ಲಿನ ಕ್ರಮ. ನಿಧಿಯವರು ಅದನ್ನು ಬಿಚ್ಚುವ ಹಾಗಿಲ್ಲ. ಬಿಡಿಸಿಕೊಳ್ಳಲು ಬಂದವಳು ತನ್ನ ಗಂಟನ್ನು ತಾನೇ ಗುರುತಿಸಿ ಬಿಚ್ಚಬೇಕು. ಇನ್ನೂ ಒಂದು ಪದ್ಧತಿ ಇತ್ತು. ಹಬ್ಬಕ್ಕೋ ಮದುವೆಗೋ ಒಡವೆ ಬೇಕಾದರೆ ಸಾಲ ತೀರದಿದ್ದರೂ ಕೊಟ್ಟು ಕಳಿಸುತ್ತಿದ್ದರು. ಹಾಕಿಕೊಂಡು ಹೋಗಿ, ಮತ್ತೆ ತಂದು ಕಟ್ಟಿ ಇಡುವುದು.

"ಅಡವು ಮದುವೆ ಊಟಕ್ಕೆ ಹೋಗ್ತದಾ?" ಭಟ್ಟರ ಧ್ವನಿ ಏರಿತು.

"ಹೋಗ್ತದೆ. ತಿರುಗಿ ಬರ್ತದೆ" ಎಂದರು ಹಾಜಿಯವರು.

ತೂಗದೆ ನಾನು ಸಹಿ ಹಾಕುವುದಿಲ್ಲ ಎಂದು ಭಟ್ಟರು ಹಟ ಹಿಡಿದರು. ಅವರ ಕಸುಬಿನ ಪ್ರಕಾರ ಅವರು ಸರಿಯೇ. ನಿಧಿಯ ಹಿರಿಯರು ತಮ್ಮೊಳಗೆ ಬಹಳ ಹೊತ್ತು ಮಾತಾಡಿ, ಕೊಲ್ಲಿಯವರಿಗೆ ವರದಿ ಹೋಗಲೇಬೇಕಾದ್ದರಿಂದ, ಒಪ್ಪಿದರು. ಎಲ್ಲ ಬೇಡ, ಒಂದಷ್ಟು ಗಂಟು ಆರಿಸಿ ಬಿಚ್ಚಿ ತೂಗುವುದು, ತೂಗಿದ್ದಕ್ಕೆ ಬ್ಯಾಂಕಿನ ಹಾಗೆಯೇ ಅರಗಿನ ಮುದ್ರೆ ಒತ್ತುವುದು ಎಂದಾಯಿತು. ಹಾಜಿಯವರು ಮಾತ್ರ, "ಕಟ್ಟು ಅವರದ್ದಲ್ವಾ ಭಟ್ರೇ, ಅವರನ್ನು ಕರೆದು ಬಿಚ್ಚುವ" ಎಂದರು. ಅದಕ್ಕೆ ತಿಂಗಳು ಹಿಡಿಯುತ್ತದೆ ಎಂದು ಉಳಿದವರೇ ಅವರನ್ನು ಸುಮ್ಮನಾಗಿಸಿದರು. ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಬ್ಯಾಂಕಿಗೆ ಚಿನ್ನ ತೂಗುತ್ತಿದ್ದ ಪತ್ತಾರರೇ ತಕ್ಕಡಿ ಹಿಡಿದು ಬಂದು ಕುಳಿತರು.

ನಾಲ್ಕಾರು ಗಂಟು ಆಗಿರಬಹುದು. ಮುಂದಿನದಕ್ಕೆ ಕೈ ಹಾಕಿದವಳು ಹಾಗೆಯೇ ನಿಂತೆ. ಹಸಿರು ವಾಯಿಲ್ ಸೀರೆಯ ತುಂಡು. ಆ ಸೀರೆ ಹರಿದ ಮೇಲೆ ಅಮ್ಮ ಅದರಲ್ಲಿ ನನ್ನ ಶಾಲೆಯ ಬುತ್ತಿ ಕಟ್ಟುತ್ತಿದ್ದಳು. ಕಟ್ಟೂ ಅದೇ, ಎರಡು ಕುಣಿಕೆ ಹಾಕಿ ತುದಿಯನ್ನು ಒಳಗೆ ತೂರಿಸಿ ಎಳೆದದ್ದು. ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಆ ಕಟ್ಟನ್ನು ನೋಡಿರಲಿಲ್ಲ. ಬಿಚ್ಚಿದೆ. ಒಳಗೆ ಅಮ್ಮನ ಎರಡು ಬಳೆ. ಒಂದರಲ್ಲಿ ಸಣ್ಣ ತಗ್ಗು. ಮಗುವಾಗಿದ್ದಾಗ ನಾನು ಅರೆಯುವ ಕಲ್ಲಿಗೆ ಹೊಡೆದು ಮಾಡಿದ್ದು ಅದು.

ಗೇರುಬೀಜ! ನನ್ನ ಕೋಣೆಯ ಬಾಡಿಗೆ, ನಾನು ಉಂಡ ಊಟ, ಎಲ್ಲ ಈ ಪೆಟ್ಟಿಗೆಯೊಳಗಿಂದ ಬಂದಿತ್ತು. ನಮ್ಮ ಮನೆಯಲ್ಲಿ ಅಡವು ಎನ್ನುವ ಶಬ್ದವನ್ನೇ ಆಡುವಂತಿಲ್ಲ. ಅಜ್ಜ ಹಾಗೆ ಒಂದು ಗದ್ದೆ ಕಳೆದುಕೊಂಡಿದ್ದರು. ಅಪ್ಪನಿಗೆ ಗೊತ್ತಾದರೆ ಅಮ್ಮನೊಂದಿಗೆ ಅವರು ಮುಂದೆ ಎಂದಾದರೂ ಮಾತಾಡಿಯಾರೇ ಎನ್ನುವುದೇ ಸಂಶಯ. ನನ್ನ ಓದಂತೂ ಅಲ್ಲಿಗೆ ಮುಗಿಯಿತು. ಬರುವ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಬೇರೆ. ಆ ಬಳೆ ಅಮ್ಮನ ಕೈಯಲ್ಲಿ ಕಾಣಲೇಬೇಕು. ಇಷ್ಟು ದಿನ ಹೇಗೆ ಕಾಣಿಸುತ್ತಿತ್ತು ಎನ್ನುವುದೂ ಆಗಲೇ ಹೊಳೆಯಿತು. ಪ್ರತಿ ಮದುವೆಗೂ ಅವು ಇಲ್ಲಿಂದ ಹೋಗಿ ಇಲ್ಲಿಗೇ ತಿರುಗಿ ಬಂದಿದ್ದವು. ಮತ್ತೆ ಈ ನಿಧಿಯ ಆರೋಗ್ಯ? ನನ್ನದೇ ಕೈಯಿಂದ ಗೀಟು ಎಳೆದ ಆ ಬಲಗಡೆಯ ಸಾಲು ಕಣ್ಣ ಮುಂದೆ ಬಂತು. ಇದು ಮುಳುಗಿದರೆ ಬಳೆಯೂ ಮುಳುಗಿತು. ಅಪ್ಪನ ಉಳಿತಾಯವೆಲ್ಲ ಎದುರಿನ ಬ್ಯಾಂಕಿನಲ್ಲಿ ಬೆಚ್ಚಗೆ ಕೂತಿತ್ತು. ಅಮ್ಮನ ಎರಡು ಬಳೆ ಮಾತ್ರ ಇಲ್ಲಿ.

ಯಾರಿಗೂ ಹೇಳಲಿಲ್ಲ. ಪತ್ತಾರರು ತೂಕ ಹೇಳಿದರು, ಬರೆದುಕೊಂಡೆ. ಬೇರೆ ಗಂಟುಗಳನ್ನೆಲ್ಲ ಬಿಳಿ ದಾರ ಸುತ್ತಿ ಸಾದಾ ಗಂಟು ಹಾಕಿದ್ದೆ. ಅಮ್ಮನದ್ದನ್ನು ಮಾತ್ರ ಅವಳು ಕಲಿಸಿದ ಹಾಗೆಯೇ ಕಟ್ಟಿದೆ. ಅದರ ಮೇಲೂ ಕೆಂಪು ಅರಗು ಬಿತ್ತು. ಭಟ್ಟರು ಮುದ್ರೆ ಒತ್ತಿದರು. ಕೋಣೆಯೆಲ್ಲ ಆ ವಾಸನೆ.

ಆಮೇಲಿನ ಭಾನುವಾರ ಪುತ್ತೂರಿನ ಕೋಣೆಯಲ್ಲಿ ಊಟ ಸೇರಲಿಲ್ಲ. ಊರಿಗೆ ಹೋಗಿ ಅಮ್ಮನನ್ನು ಕೇಳೋಣವೆಂದರೆ ಅಪ್ಪ ಮನೆಯಲ್ಲಿ. ಸೋಮವಾರ ಬೆಳಿಗ್ಗೆ ಕೆಲಸ ಮುಗಿಸಲು ಭಟ್ಟರ ಜೊತೆ ಮತ್ತೆ ಬೆಳ್ಳಾರೆಯ ಬಸ್ಸು ಹತ್ತಿದೆ.

ನಾವು ಹೋಗಿ ಕುಳಿತ ಸ್ವಲ್ಪ ಹೊತ್ತಿಗೆ ಬೀಫಾತುಮ್ಮ ಎನ್ನುವ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಬೀಡಿ ಕಟ್ಟಿ ಮನೆ ನಡೆಸುವವರು. ಉಪವಾಸ ಮುಗಿದು ಬರುವ ಪೆರ್ನಾಲ್ ಹಬ್ಬಕ್ಕೆ ಹಾಕಿಕೊಳ್ಳಲು ತನ್ನ ಕಿವಿಯ ಒಡವೆ ಬೇಕೆಂದರು. ಹಾಜಿಯವರು ಗಂಟು ತೆಗೆದು ಕೈಗಿತ್ತರು. ಬಿಳಿ ದಾರ ಸುತ್ತಿದ, ಅರಗು ಮೆತ್ತಿದ ಗಂಟು. ಬೀಫಾತುಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖ ಕಪ್ಪಿಟ್ಟಿತು.

"ಇದು ನನ್ನ ಕಟ್ಟಲ್ಲ."

"ನಿನ್ನದೇ. ಆಡಿಟಿಗೆ ಬಿಚ್ಚಿದ್ದು, ಒಳಗೆ ಸರಿ ಉಂಟು, ನೋಡು" ಎಂದರು ಹಾಜಿಯವರು.

ಅವರಿಗೆ ಅದು ಕೇಳಿಸಲೇ ಇಲ್ಲ. ಕಣ್ಣು ಅರಗಿನ ಮೇಲೆಯೇ ಇತ್ತು. "ಜಪ್ತಿಯ ಮುದ್ರೆ! ಅಲ್ಲಾಹ್, ಸರ್ಕಾರದವರು ಜಪ್ತಿ ಮಾಡಿದ್ದಾರೆ!" ಎಂದು ಕೂಗುತ್ತ ಗಂಟನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದರು.

ಆಗ ನಮಗೆ ಅರ್ಥವಾಯಿತು. ಬ್ಯಾಂಕಿಗೆ ಹೋಗಿ ಬಂದು ಮಾಡುವವರಿಗೆ ಅರಗಿನ ಮುದ್ರೆ ಎಂದರೆ ಭದ್ರತೆ. ಈ ಹೆಂಗಸರು ಬ್ಯಾಂಕಿನ ಒಳಗೇ ಹೋದವರಲ್ಲ. ಅವರು ಅರಗನ್ನು ನೋಡಿದ್ದು ಒಂದೇ ಕಡೆ, ಕೋರ್ಟಿನ ಅಮೀನ ಬಂದು ಸಾಲಗಾರನ ಅಂಗಡಿಯ ಬೀಗಕ್ಕೆ ಒತ್ತಿದ್ದು. ಯಾವ ಮುದ್ರೆಯಿಂದ ನಿಧಿಗೆ ಬಲ ಬರಬೇಕಿತ್ತೋ ಅದೇ ಅವರ ಕಣ್ಣಿಗೆ ಮರಣದ ಚೀಟಿಯಾಗಿ ಕಂಡಿತು.

ಸುದ್ದಿ ಬಸ್ಸಿಗಿಂತ ಬೇಗ ಹೋಯಿತೋ, ಬಸ್ಸಿನಲ್ಲೇ ಹೋಯಿತೋ ಹೇಳಲಾರೆ. ಬಿಸಿಲು ಏರುವುದರೊಳಗೆ ರಸ್ತೆ ತುಂಬಿತು. ಚಿನ್ನ ಇಟ್ಟವರು, ಹಣ ಇಟ್ಟವರು, ಏನೂ ಇಡದೆ ನೋಡಲು ಬಂದವರು. ಹಾಜಿ ಬೊಂಬಾಯಿಗೆ ಓಡಲಿದ್ದಾರಂತೆ ಎಂದೊಬ್ಬ, ಚಿನ್ನವೆಲ್ಲ ಹಿತ್ತಾಳೆ ಆಗಿದೆಯಂತೆ ಎಂದಿನ್ನೊಬ್ಬ. ಮರದ ಮೆಟ್ಟಿಲು ಜನರ ಭಾರಕ್ಕೆ ಕಿರ್ರೆನ್ನುತ್ತಿತ್ತು. ನಾನು ಬಾಗಿಲ ಒಳಗೆ, ಮೇಜಿಗೆ ಬೆನ್ನು ಒತ್ತಿ ನಿಂತಿದ್ದೆ. ಅಷ್ಟು ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಡೆಯುತ್ತಾರೆಂಬ ಭಯವಲ್ಲ ಅದು. ಆ ಮುಖಗಳಲ್ಲಿದ್ದದ್ದು ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರೆಲ್ಲ ನನ್ನ ಹಾಗೆಯೇ ಹೆದರಿದ್ದರು. ನನ್ನ ಅಮ್ಮನ ಹಾಗೆ ಯಾರಿಗೂ ಹೇಳದೆ ತಂದು ಇಟ್ಟವರು ಅವರಲ್ಲಿ ಎಷ್ಟು ಜನ ಇದ್ದರೋ.

ಹಾಜಿಯವರು ಹಿಂದಿನ ಬಾಗಿಲಿನಿಂದ ಇಳಿದು ಬ್ಯಾಂಕಿಗೆ ಹೋದರು. ನಿಧಿಯ ನಗದೆಲ್ಲ ಅಲ್ಲಿನ ಖಾತೆಯಲ್ಲಿತ್ತು. ಭಟ್ಟರು ನನ್ನನ್ನೂ ಕರೆದುಕೊಂಡು ಹಿಂದೆಯೇ ಬಂದರು.

"ಪೂರಾ ಹಣ ಈಗ ಬೇಕು. ಕೇಳಿದವರಿಗೆಲ್ಲ ಕೊಟ್ಟುಬಿಡ್ತೇನೆ" ಎಂದರು ಹಾಜಿಯವರು.

ಮ್ಯಾನೇಜರು ತಲೆ ಕೆರೆದುಕೊಂಡರು. "ಅಷ್ಟು ಕ್ಯಾಶ್ ಇಲ್ಲಿ ಇಡುದಿಲ್ಲ ಹಾಜಿಯವರೇ. ಪುತ್ತೂರಿಂದ ತರಿಸ್ಬೇಕು. ನಾಳೆ ಬನ್ನಿ."

"ನಾಳೆ ಯಾರಿಗೆ ಬೇಕು ಸ್ವಾಮೀ? ಅದು ನಮ್ಮದೇ ಹಣ."

"ನಿಮ್ಮದೇ. ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ನಾಳೆ."

ನಾವು ಹೊರಗೆ ಬರುತ್ತಲೇ, ಜನ ನುಗ್ಗಿಯಾರೆಂದು ಬ್ಯಾಂಕಿನವರು ಶಟರನ್ನು ಅರ್ಧಕ್ಕೆ ಎಳೆದರು. ಆ ಶಬ್ದಕ್ಕೆ ರಸ್ತೆಯ ಜನವೆಲ್ಲ ಒಮ್ಮೆ ತಿರುಗಿ ನೋಡಿತು. ಬ್ಯಾಂಕಿನ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಲಿಲ್ಲ. ಸಾಯುವುದಿಲ್ಲ ಎಂದು ಭಟ್ಟರು ಹೇಳಿದ್ದ ಆ ಎಡಗಡೆಯ ಸಂಸ್ಥೆ, ಕೊಡಬೇಕಾದ ಹಣ ಕೈಯಲ್ಲಿಲ್ಲ ಎಂದು ಶಟರು ಎಳೆದುಕೊಂಡು ಕೂತರೂ ಅದಕ್ಕೆ ಹೆದರುವವರಿಲ್ಲ. ಎಲ್ಲರ ಭಯವೂ ಆ ಮರದ ಮೆಟ್ಟಿಲಿಗೇ ಹೋಗಿ ಬೀಳುತ್ತಿತ್ತು. ಒಂದು ಕಲ್ಲು ಗೋದಾಮಿನ ಮಾಡಿಗೆ ಬಿತ್ತು. ಹೆಂಚು ಒಡೆದು ಜಾರಿ ಬಂತು.

ಹಿಂದಿನಿಂದ ಮೇಲೆ ಹತ್ತಿದ ಹಾಜಿಯವರು ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕುಳಿತರು. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ನೀರು ಕೊಡಲೇ ಎಂದು ನಾನು ಬುದ್ಧಿಗೆಟ್ಟು ಕೇಳಿದೆ. ಅವರು ಕೈಯಾಡಿಸಿ ಬೇಡವೆಂದರು. ಆಮೇಲೆ ಎದ್ದು ಪೆಟ್ಟಿಗೆಯನ್ನೇ ಎಳೆದು ಬಾಗಿಲ ಹೊಸ್ತಿಲಿಗೆ ತಂದು, ಎಲ್ಲರಿಗೂ ಕಾಣುವ ಹಾಗೆ ಮುಚ್ಚಳ ತೆರೆದರು.

"ಹಣ ನಾಳೆ ಬರ್ತದೆ. ಚಿನ್ನ ಇಲ್ಲೇ ಉಂಟು. ಒಬ್ಬೊಬ್ಬರೇ ಬನ್ನಿ, ನಿಮ್ಮ ಗಂಟು ನೀವೇ ಬಿಚ್ಚಿ ನೋಡಿ. ಬೇಕಾದವರು ತೆಗೊಂಡು ಹೋಗಿ. ಸಾಲ, ಕೈಯಲ್ಲಿ ಹಣ ಇದ್ದಾಗ ಕೊಡಿ."

ಭಟ್ಟರು ಅವರ ತೋಳು ಹಿಡಿದರು. "ಹಾಜಿಯವರೇ, ಬುದ್ಧಿ ಉಂಟಾ ನಿಮಗೆ? ಅಡವು ಬಿಟ್ಟುಕೊಟ್ರೆ ನಿಧಿ ಮುಗೀತು!"

"ಬ್ಯಾಂಕಿನ ಹಿಂದೆ ಸರ್ಕಾರ ಉಂಟು ಭಟ್ರೇ. ನಮ್ಮ ಹಿಂದೆ ಇರುದು ಇವರು" ಎಂದು ಅವರು ಜನರನ್ನು ತೋರಿಸಿದರು.

ವಿಚಿತ್ರವೆಂದರೆ ಯಾರೂ ಮುಂದೆ ಬರಲಿಲ್ಲ. ಅಷ್ಟು ಹೊತ್ತು ನೂಕುತ್ತಿದ್ದ ಜನ ತಟಕ್ಕನೆ ನಿಂತಿತು. ಬಿಚ್ಚಿದಾಗ ಒಳಗೆ ಏನಿರಬಹುದು, ಏನಿಲ್ಲದಿರಬಹುದು ಎಂದು ಮೊದಲು ನೋಡುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಆಗ ಜನರ ನಡುವಿನಿಂದ ದಾರಿ ಮಾಡಿಕೊಂಡು ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಕಾಲಿನಲ್ಲಿ ಒಂದೇ ಚಪ್ಪಲಿ. ಅಮ್ಮ! ಸುಳ್ಯದಿಂದ ಬಂದ ಬಸ್ಸಿನಲ್ಲಿ ಇಳಿದಿದ್ದಳು. ಆ ಚಪ್ಪಲಿ ಎಲ್ಲಿ ಬಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಮೊದಲು ಬಂದದ್ದು ಗಾಬರಿ. ಗುಟ್ಟು ನನ್ನ ಮುಂದೆ ಬಯಲಾಯಿತಲ್ಲ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಖ ತಿರುಗಿಸಿಕೊಂಡಳು. ಪರಿಚಯವೇ ಇಲ್ಲದವಳ ಹಾಗೆ ಪೆಟ್ಟಿಗೆಯ ಎದುರು ಕುಳಿತಳು.

"ಯಾವುದು ಸೀತಕ್ಕ?" ಹಾಜಿಯವರು ಕೇಳಿದರು.

ಅವಳು ಹಸಿರು ಗಂಟನ್ನು ತೋರಿಸಿದಳು. ಹಾಜಿಯವರು ತೆಗೆದು ಅವಳ ಅಂಗೈಯಲ್ಲಿಟ್ಟರು. ಅಮ್ಮ ಅದನ್ನು ಮೂಗಿನ ಹತ್ತಿರಕ್ಕೆ ಹಿಡಿದು ನೋಡಿದಳು. ಅರಗನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗಿನ ಕಟ್ಟಿನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. ಜನವೆಲ್ಲ ಉಸಿರು ಹಿಡಿದು ಅವಳ ಕೈಯನ್ನೇ ನೋಡುತ್ತಿತ್ತು. ತೆಗೆದುಕೊಂಡು ಹೋಗಮ್ಮ, ಹೋಗಿಬಿಡು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬಳೆ ಮನೆ ಸೇರಿದರೆ ನಮ್ಮ ಭಯ ಮುಗಿಯಿತು. ನಿಧಿ ಉಳಿದರೆಷ್ಟು, ಬಿಟ್ಟರೆಷ್ಟು?

ಅಮ್ಮ ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮೆಟ್ಟಿಲಲ್ಲಿದ್ದವರಿಗೂ ಕೇಳುವ ಹಾಗೆ ಹೇಳಿದಳು. "ಕಟ್ಟು ಸರಿ ಉಂಟು ಹಾಜಿಯವರೇ."

"ಬಿಚ್ಚಿ ನೋಡಿ ಅಕ್ಕ. ತೆಗೊಂಡು ಹೋಗಿ."

"ಸಾಲ ತೀರ್ಲಿಲ್ಲ ಅಲ್ವಾ? ಮದುವೆಗೆ ಬಂದು ತೆಗೊಳ್ತೇನೆ. ಈಗ ಇಲ್ಲೇ ಇರ್ಲಿ." ಗಂಟನ್ನು ಬಿಚ್ಚದೆ, ಮೊದಲಿದ್ದ ಜಾಗದಲ್ಲೇ ಇಟ್ಟು ಎದ್ದಳು.

ಅವಳ ಹಿಂದೆಯೇ ಬೀಫಾತುಮ್ಮ ಬಂದು ಕುಳಿತರು. ದಾರ ಹರಿದರು, ಬಟ್ಟೆ ಬಿಡಿಸಿದರು. ಒಡವೆ ಹಾಗೆಯೇ ಇತ್ತು. ಅವರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಒಡವೆ ತೆಗೆದುಕೊಂಡು ಹೋದರು, ಹೆಚ್ಚಿನವರು ನೋಡಿ ತಮ್ಮದೇ ಗಂಟು ಹಾಕಿ ಇಟ್ಟು ಹೋದರು. ಅರಗಿನ ಚೂರು ನೆಲದ ತುಂಬ ಉದುರಿತ್ತು. ಮರುದಿನ ಪುತ್ತೂರಿನಿಂದ ಹಣ ಬಂದಾಗ ಕೇಳಲು ಬಂದವರು ಬಹಳ ಕಡಿಮೆ ಎಂದು ಆಮೇಲೆ ಕೇಳಿದೆ. ಒಡವೆ ಒಯ್ದವರಲ್ಲಿ ಸಾಲ ಕೊಡದೆ ಉಳಿಸಿಕೊಂಡವರೂ ಇದ್ದರು. ಎಲ್ಲರೂ ದೇವರಂಥವರು ಎಂದು ನಾನು ಹೇಳುವುದಿಲ್ಲ. ಆದರೂ ನಿಧಿ ಉಳಿಯಿತು, ಬಹಳ ವರ್ಷ ನಡೆಯಿತು.

ಸಂಜೆ ಭಟ್ಟರು ಆ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿದರು. "ಒಂದೇ ದಿನ ಎಲ್ಲರೂ ಬಂದ್ರೆ ನಿಲ್ಲುವ ಬ್ಯಾಂಕು ಲೋಕದಲ್ಲಿ ಎಲ್ಲಿಯೂ ಇಲ್ಲ ಲಲಿತಾ. ಇದು ಇವತ್ತು ನಿಂತಿತು. ಅದನ್ನು ಯಾವ ಖಾನೆಯಲ್ಲಿ ಬರಿಯುದು?" ಎಂದರು. ಅದನ್ನು ಬರೆಯುವ ಖಾನೆ ನನಗೆ ಈಗಲೂ ಸಿಕ್ಕಿಲ್ಲ. ಊರಿಗೆ ಹೋಗಿ ಬರುತ್ತೇನೆಂದು ರಜೆ ಕೇಳಿದೆ. ನನ್ನ ಮುಖ ನೋಡಿ ಅವರು ಕಾರಣ ಕೇಳಲಿಲ್ಲ.

ಅಮ್ಮ ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಜಗಲಿಯಲ್ಲಿ ನನಗಾಗಿ ಕಾದಿದ್ದಳು. ಸುಳ್ಯದ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತೆವು. ಬಸ್ಸು ಪೇಟೆ ದಾಟಿತು. ಅವಳ ಬರಿಗಾಲಿಗೆ ಧೂಳು ಮೆತ್ತಿತ್ತು.

"ನನ್ನ ಕಟ್ಟಿನ ತುದಿ ಎಡಕ್ಕೆ ಬೀಳುದು. ಎಡಗೈಯವಳಲ್ವಾ ನಾನು" ಎಂದಳು, ಕಿಟಕಿಯ ಹೊರಗೆ ನೋಡುತ್ತ. "ಪೆಟ್ಟಿಗೆಯಲ್ಲಿದ್ದದ್ದು ಬಲಕ್ಕಿತ್ತು."

ಬೇರೆ ಕೈ ಬಿಚ್ಚಿದ್ದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅಷ್ಟು ಜನರ ಮುಂದೆ ಹಾಗೆ ಹೇಳಿದ್ದಳು.

"ಮತ್ತೆ ಸರಿ ಉಂಟು ಅಂತ ಯಾಕಮ್ಮ ಹೇಳಿದ್ದು?"

"ಆ ಕಟ್ಟು ನಾನು ಯಾರಿಗೆ ಕಲಿಸಿದ್ದು? ನಿನಗೊಬ್ಬಳಿಗೇ ಅಲ್ವಾ?"

ಅಮ್ಮ ಸೆರಗಿನ ಅಡಿಯಲ್ಲಿ ನನ್ನ ಕೈ ಹುಡುಕಿ ಹಿಡಿದಳು. ಅವಳ ಕೈ ನನ್ನ ಕೈಗಿಂತ ತಣ್ಣಗಿತ್ತು. ನಮ್ಮಿಬ್ಬರಲ್ಲಿ ನಾನೊಬ್ಬಳೇ ಹೆದರಿದವಳು ಎಂದುಕೊಂಡಿದ್ದೆನಲ್ಲ! ಅವಳು ಬಗ್ಗಿ, ಮುಂದಿನ ಸೀಟಿನವರಿಗೆ ಕೇಳದ ಹಾಗೆ, ನನ್ನ ಕಿವಿಯಲ್ಲಿ ಕೇಳಿದಳು.

"ಬಿಚ್ಚಿದಾಗ ಒಳಗೆ ನೋಡಿದ್ದೀಯಲ್ಲ ಮಗಳೇ? ಬಳೆ ಎರಡೂ ಇತ್ತಲ್ಲ?"

"ಇತ್ತಮ್ಮ. ಎರಡೂ ಇತ್ತು."

ಅಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ನನ್ನ ಕೈಯನ್ನು ಮಾತ್ರ ಸುಳ್ಯ ಬರುವ ತನಕ ಬಿಡಲಿಲ್ಲ.